ಗೃಹಸ್ಥರ ಪುಟ: ದುಡಿಮೆಯ ದಣಿವೂ ವಿಮೆಯ ಆಸರೆಯೂ

ಪರ್ಕಳದ ಗೃಹಸ್ಥರೊಬ್ಬರು ಬರೆದ ಪತ್ರವು ಈ ತಿಂಗಳು ನಮಗೆ ವಿಷಯವನ್ನು ಒದಗಿಸಿದೆ. ಅವರ ಮಗಳು ಮಣಿಪಾಲದ ಒಂದು ಕಂಪೆನಿಯಲ್ಲಿ ಉದ್ಯೋಗಸ್ಥೆ. ಬೆಳಿಗ್ಗೆ ಎಂಟು ಗಂಟೆಯ ಬಸ್ಸಿಗೆ ಹೋದವಳು ರಾತ್ರಿ ಎಂಟಕ್ಕೆ ಮನೆ ಸೇರುವಳು. ಸೇರಿದ ಮೇಲೂ ಊಟದ ತಟ್ಟೆಯ ಪಕ್ಕದಲ್ಲಿ ಫೋನು ಬಡಿದುಕೊಳ್ಳುತ್ತಲೇ ಇರುವುದು. ಎರಡು ವರ್ಷ ಹೀಗೆ ನಡೆದು, ಈಗ ಅವಳಿಗೆ ಇರುಳು ನಿದ್ರೆಯಿಲ್ಲ, ಬೆಳಿಗ್ಗೆ ಏಳುವ ಮನಸ್ಸಿಲ್ಲ, ಮೊದಲು ಪ್ರೀತಿಯಿಂದ ಮಾಡುತ್ತಿದ್ದ ಕೆಲಸದ ಹೆಸರೆತ್ತಿದರೆ ಕಣ್ಣಲ್ಲಿ ನೀರು. "ಬಿಟ್ಟುಬಿಡು ಮಗಾ" ಎಂದು ತಾಯಿ ಹೇಳಿದುದಕ್ಕೆ, "ಬಿಟ್ಟರೆ ಅಪ್ಪನ ಇನ್ಶೂರೆನ್ಸ್ ಹೋಗುವುದಿಲ್ಲವೇ ಅಮ್ಮಾ?" ಎಂದು ಮಗಳು ಕೇಳಿದಳಂತೆ. ಪತ್ರ ಬರೆದ ಮಹನೀಯರು ಮಧುಮೇಹಿಗಳು; ಹಿಂದಿನ ವರ್ಷ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು. ಆ ಖರ್ಚಿನ ಬಹುಭಾಗವನ್ನು ತೆತ್ತುದು ಮಗಳ ಆಫೀಸಿನ ವಿಮೆ. ಇಂತಹ ದಣಿವಿಗೆಂದೇ ಖಾಸಗಿಯಾಗಿ ವಿಮೆ ಮಾಡಿಸಬಹುದೇ, ಮಾಡಿಸಿದರೆ ಮಗಳು ನಿಶ್ಚಿಂತೆಯಿಂದ ಕೆಲಸ ಬಿಡಬಹುದೇ ಎಂಬುದು ಅವರ ಪ್ರಶ್ನೆ.

ಉತ್ತರವನ್ನು ಮೊದಲಿಗೇ ಹೇಳಿಬಿಡುವುದು ಉಚಿತ. ಆರೋಗ್ಯವಿಮೆಯು ರೋಗಕ್ಕೆ ಹಣ ಕೊಡುವುದೇ ಹೊರತು ದಣಿವಿಗೆ ಕೊಡುವುದಿಲ್ಲ. ದಣಿವು ಬೆಳೆದು ರೋಗವಾಗಿ, ರೋಗವು ಆಸ್ಪತ್ರೆಯ ಮಂಚಕ್ಕೆ ಕೆಡವಿದಾಗ ಮಾತ್ರವೇ ವಿಮೆಯ ಬಾಗಿಲು ತೆರೆಯುವುದು. ಹಾಗೆಂದು ವಿಮೆಯಿಂದ ಪ್ರಯೋಜನವಿಲ್ಲವೆಂದು ಯಾರೂ ತಿಳಿಯತಕ್ಕುದಲ್ಲ. ಅದು ಎಲ್ಲಿ ನೆರವಾಗುವುದು, ಎಲ್ಲಿ ಕೈಬಿಡುವುದು ಎಂಬುದನ್ನು ತಿಳಿದು ಮನೆಯ ಲೆಕ್ಕವನ್ನು ಕಟ್ಟಿಕೊಳ್ಳಬೇಕು, ಅಷ್ಟೆ.

ಈ ದಣಿವನ್ನು ಈಗ ಎಲ್ಲರೂ "ಬರ್ನ್‌ಔಟ್" ಎನ್ನುತ್ತಾರೆ. ನಂದಾದೀಪದಲ್ಲಿ ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿದು ಕರಕಲಾಗುವುದನ್ನು ಕಂಡವರಿಗೆ ಆ ಶಬ್ದದ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬವರು 1974ರಲ್ಲಿ ಬರೆದ ಲೇಖನವೊಂದರಿಂದ ಈ ಹೆಸರು ಶಾಸ್ತ್ರದೊಳಗೆ ಬಂದಿತು. ಅವರು ಕಂಡುದು ಸೋಮಾರಿಗಳನ್ನಲ್ಲ. ಬಡವರಿಗಾಗಿ ಉಚಿತವಾಗಿ ನಡೆಯುತ್ತಿದ್ದ ಚಿಕಿತ್ಸಾಲಯದಲ್ಲಿ ಅತ್ಯುತ್ಸಾಹದಿಂದ ದುಡಿಯುತ್ತಿದ್ದವರನ್ನು. ಈ ಸಂಗತಿಯನ್ನು ನಮ್ಮ ಹಿರಿಯರು ಗಮನಿಸಬೇಕು. "ನಮ್ಮ ಕಾಲದಲ್ಲಿ ನಾವು ಗದ್ದೆಯಲ್ಲಿ ದುಡಿಯಲಿಲ್ಲವೇ, ಈ ಕುರ್ಚಿಯ ಕೆಲಸಕ್ಕೆ ಎಂಥ ದಣಿವು?" ಎಂದು ಕೇಳುವವರು ಮನೆಮನೆಯಲ್ಲಿಯೂ ಇದ್ದಾರೆ. ಗದ್ದೆಯ ಕೆಲಸ ಕತ್ತಲಾದಾಗ ನಿಲ್ಲುತ್ತಿತ್ತು. ಈ ಕೆಲಸಕ್ಕೆ ಕತ್ತಲೆಯೆಂಬುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಈ ದಣಿವಿಗೆ ಒಂದು ಸ್ಥಾನ ಕೊಟ್ಟಿದೆ. ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಕೆಲಸದ ಮೇಲೆ ಬೇಸರವೂ ತಾತ್ಸಾರವೂ ಹುಟ್ಟುವುದು, ಮಾಡಿದ ಕೆಲಸ ಕೈಹತ್ತದೆ ಹೋಗುವುದು ಎಂಬ ಮೂರು ಲಕ್ಷಣಗಳನ್ನೂ ಅದು ಹೇಳಿದೆ. ಆದರೆ ಇದು ಉದ್ಯೋಗಕ್ಕೆ ಸಂಬಂಧಿಸಿದ ಒಂದು ಸ್ಥಿತಿಯೇ ಹೊರತು ರೋಗವಲ್ಲವೆಂದು ಸ್ಪಷ್ಟವಾಗಿ ನುಡಿದಿದೆ. ಡಾಕ್ಟರರು ಚೀಟಿಯಲ್ಲಿ ಬರಿಯ "ಬರ್ನ್‌ಔಟ್" ಎಂದು ಬರೆದರೆ ವಿಮಾ ಕಂಪೆನಿಯವರು ಅದನ್ನು ಹಿಂದಕ್ಕೆ ಕಳುಹಿಸುವುದಕ್ಕೆ ಕಾರಣವಿದೆ ಎಂದಾಯಿತು. ಅದೇ ದಣಿವು ಖಿನ್ನತೆಯಾಗಿ, ರಕ್ತದೊತ್ತಡವಾಗಿ, ಹೃದಯಾಘಾತವಾಗಿ ಮಾರ್ಪಟ್ಟರೆ ಅವುಗಳಿಗೆಲ್ಲ ರೋಗದ ಹೆಸರುಂಟು. ವಿಮೆಯ ಹಣವೂ ಉಂಟು.

ಮಾರ್ಪಡುವುದೇನೂ ಅಪರೂಪವಲ್ಲ. ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಭಯ ಶೇಕಡಾ 35ರಷ್ಟು ಹೆಚ್ಚೆಂದೂ ಹೃದಯದ ನಾಳಗಳ ರೋಗದಿಂದ ಮರಣದ ಭಯ ಶೇಕಡಾ 17ರಷ್ಟು ಹೆಚ್ಚೆಂದೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳೆರಡೂ ಸೇರಿ 2021ರಲ್ಲಿ ಪ್ರಕಟಿಸಿವೆ. ಇನ್ಫೋಸಿಸಿನ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು 2023ರ ಅಕ್ಟೋಬರಿನಲ್ಲಿ, ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರಷ್ಟೆ. ವಾರಕ್ಕೆ ಆರು ದಿನದಂತೆ ಅದು ದಿನಕ್ಕೆ ಹನ್ನೊಂದು ಗಂಟೆ ನಲವತ್ತು ನಿಮಿಷವಾಗುವುದು. ಹೋಗಿಬರುವ ಬಸ್ಸಿನ ಹೊತ್ತು ಇದರಲ್ಲಿ ಸೇರಿಲ್ಲ. ಅವರ ದೇಶಾಭಿಮಾನದ ವಿಷಯದಲ್ಲಿ ನಮಗೆ ಗೌರವವಿದೆ. ಆದರೆ ರಕ್ತನಾಳಗಳಿಗೆ ದೇಶಾಭಿಮಾನದ ಭಾಷೆ ತಿಳಿಯದು.

ಇನ್ನು ಕಾನೂನಿನ ಮಾತು. ಮನಸ್ಸಿನ ಕಾಯಿಲೆಗೆ ವಿಮೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಒಂದು ಕಾಲಕ್ಕೆ ಅದು ಬಹುಮಟ್ಟಿಗೆ ನಿಜವೇ ಆಗಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯು 2018ರ ಮೇ 29ರಂದು ಜಾರಿಗೆ ಬಂದ ಮೇಲೆ, ದೇಹದ ರೋಗಕ್ಕೆ ಯಾವ ರೀತಿಯಲ್ಲಿ ವಿಮೆ ಕೊಡುವರೋ ಮನಸ್ಸಿನ ರೋಗಕ್ಕೂ ಅದೇ ರೀತಿಯಲ್ಲಿ ಕೊಡತಕ್ಕುದೆಂದು ವಿಧಿಯಾಯಿತು. ಕಂಪೆನಿಗಳು ಕೂಡಲೇ ದಾರಿಗೆ ಬಂದವೆಂದಲ್ಲ. ಇಂತಹ ಹಣವನ್ನು ನಿರಾಕರಿಸಿದ ಒಂದು ಕಂಪೆನಿಯ ವಿರುದ್ಧ ಮಹಿಳೆಯೊಬ್ಬರು ದೆಹಲಿಯ ಹೈಕೋರ್ಟಿಗೆ ಹೋದರು. ಕಾಯ್ದೆಯು ಜಾರಿಗೆ ಬಂದ ದಿನದಿಂದಲೇ ಕಂಪೆನಿಗಳು ಅದಕ್ಕೆ ಬದ್ಧರೆಂದು 2021ರ ಏಪ್ರಿಲಿನಲ್ಲಿ ನ್ಯಾಯಾಲಯವು ತೀರ್ಪಿತ್ತಿತು. 2022ರ ಅಕ್ಟೋಬರಿನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಆರೋಗ್ಯ ಪಾಲಿಸಿಗಳಲ್ಲಿಯೂ ಇದು ಸೇರಿರಬೇಕೆಂದು ಮತ್ತೊಮ್ಮೆ ಆಜ್ಞಾಪಿಸಿತು. ಆದುದರಿಂದ ಖಿನ್ನತೆಗೆ ಆಸ್ಪತ್ರೆ ಸೇರಿದ್ದೇವೆ ಎಂದು ಹೇಳಿಕೊಳ್ಳಲು ವಿಮೆಯ ಮಟ್ಟಿಗಾದರೂ ಯಾರೂ ಸಂಕೋಚಪಡಬೇಕಾಗಿಲ್ಲ.

ಆದರೆ ಇಲ್ಲೊಂದು ತೊಡಕು ಉಂಟು. ಸಾಧಾರಣ ಪಾಲಿಸಿಗಳು ಹಣ ಕೊಡುವುದು ಇಪ್ಪತ್ತನಾಲ್ಕು ಗಂಟೆಗಳಾದರೂ ಆಸ್ಪತ್ರೆಯಲ್ಲಿ ಮಲಗಿದವರಿಗೆ. ದಣಿದ ಮನಸ್ಸಿಗೆ ಬೇಕಾಗುವುದು ಮಂಚವಲ್ಲ. ಡಾಕ್ಟರರೊಡನೆ ನಾಲ್ಕಾರು ಬಾರಿ ಮಾತುಕತೆ, ಅಗತ್ಯವಿದ್ದರೆ ಕೆಲಕಾಲ ಮದ್ದು, ಒಂದೆರಡು ತಿಂಗಳ ಬಿಡುವು. ಹೊರರೋಗಿಯಾಗಿ ಪಡೆಯುವ ಈ ಚಿಕಿತ್ಸೆಗೆ ಸಾಮಾನ್ಯ ಪಾಲಿಸಿಯಲ್ಲಿ ಹಣವಿಲ್ಲ; ಹೆಚ್ಚು ಪ್ರೀಮಿಯಂ ತೆತ್ತು ಆ ಅಂಗವನ್ನು ಸೇರಿಸಿಕೊಳ್ಳಬೇಕು. ಸೇರಿಸಿಕೊಂಡರೂ ಅದಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯಿರುವುದು. ತೆತ್ತ ಹಣ, ಸಿಗುವ ಹಣ ಎರಡನ್ನೂ ಎದುರುಬದುರು ಬರೆದು ನೋಡಿದರೆ ಅನೇಕ ಬಾರಿ ಕೈಯಿಂದಲೇ ಖರ್ಚು ಮಾಡುವುದು ಲೇಸೆಂದು ಕಾಣುವುದು.

ಈ ವಿಷಯದಲ್ಲಿ ನಮ್ಮ ಊರು ಪುಣ್ಯವಂತವಾದುದು. ಪರ್ಕಳದಿಂದ ಬಸ್ಸು ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಮನೋರೋಗ ಚಿಕಿತ್ಸೆಗೆ ಹೆಸರಾದ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ. ಮನೆಯಿಂದ ಹೊರಡಲೂ ಮನಸ್ಸಿಲ್ಲದವರಿಗೆ 14416 ಎಂಬ ಸಂಖ್ಯೆಯ ಟೆಲಿ ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರವು ಬೆಂಗಳೂರಿನ ನಿಮ್ಹಾನ್ಸನ್ನು ನಡುಗಂಬವಾಗಿಟ್ಟುಕೊಂಡು ಇದನ್ನು ಆರಂಭಿಸಿತು. ಹಗಲಿರುಳೂ ಕರೆಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ಕಾಸು ಕೊಡಬೇಕಾಗಿಲ್ಲ. ಪತ್ರ ಬರೆದ ಮಹನೀಯರ ಮಗಳು ವಿಮೆಯ ವಿಚಾರವನ್ನು ಆಮೇಲೆ ಮಾಡಲಿ. ಮೊದಲು ಡಾಕ್ಟರರನ್ನು ಕಾಣಲಿ. ಚೀಟಿಯಲ್ಲಿ ಕಾಯಿಲೆಯ ಹೆಸರು ಬಿದ್ದರೆ ಮುಂದೆ ವಿಮೆ ಸಿಗಲಿಕ್ಕಿಲ್ಲವೆಂದು ಹೆದರಿ ಚಿಕಿತ್ಸೆಯನ್ನೇ ಮುಂದೂಡುವವರನ್ನು ನಾವು ಕಂಡಿದ್ದೇವೆ. ಕೊಡೆ ನೆನೆಯುವುದೆಂದು ಮಡಚಿಟ್ಟುಕೊಂಡು ಮಳೆಯಲ್ಲಿ ನಡೆಯುವವರೂ ಇದಕ್ಕಿಂತ ಬುದ್ಧಿವಂತರು.

ಈಗ ಆ ಹುಡುಗಿಯ ನಿಜವಾದ ಕಷ್ಟಕ್ಕೆ ಬರೋಣ. ಅವಳನ್ನು ಕಟ್ಟಿಹಾಕಿರುವುದು ಸಂಬಳವೊಂದೇ ಅಲ್ಲ, ತಂದೆಯ ಹೃದಯವೂ ಹೌದು. ಆಫೀಸಿನ ವಿಮೆಯೆಂಬುದು ಆಫೀಸಿಗೂ ವಿಮಾ ಕಂಪೆನಿಗೂ ನಡುವಣ ಒಪ್ಪಂದ. ನೌಕರನು ಅದರಲ್ಲಿ ಅತಿಥಿ. ನೌಕರನ ತಂದೆತಾಯಿಗಳು ಅತಿಥಿಯೊಡನೆ ಬಂದ ಅತಿಥಿಗಳು. ಕೆಲಸ ಬಿಟ್ಟ ದಿನವೇ ಸಾಮಾನ್ಯವಾಗಿ ಆ ಊಟದ ಎಲೆಯನ್ನು ಎತ್ತಲಾಗುವುದು. ಹೀಗಿದ್ದೂ ನಮ್ಮಲ್ಲಿ ಹತ್ತು ಹದಿನೈದು ವರ್ಷ ಇದನ್ನೊಂದನ್ನೇ ನೆಚ್ಚಿ, ಸ್ವಂತ ಹೆಸರಿನಲ್ಲಿ ಒಂದು ಪಾಲಿಸಿಯನ್ನೂ ಮಾಡಿಸದ ಸಂಸಾರಗಳು ಎಷ್ಟೋ ಇವೆ. ಅವರಿಗೆ ದಣಿವು ಬಂದಾಗ ಕೆಲಸ ಬಿಡಲೂ ಆಗದು, ಮಾಡಲೂ ಆಗದು. ವಿಮೆಯೇ ಸರಪಳಿಯಾದ ಸ್ಥಿತಿ ಇದು.

ಬಿಡಿಸಿಕೊಳ್ಳುವ ದಾರಿ ಇದೆ, ಆದರೆ ರಾಜೀನಾಮೆಯ ಕಾಗದವನ್ನು ಬರೆಯುವುದಕ್ಕೆ ಮೊದಲು ಅದನ್ನು ಹಿಡಿಯಬೇಕು. ಸಮೂಹ ಪಾಲಿಸಿಯಲ್ಲಿದ್ದವರು ಅದನ್ನು ಬಿಡುವಾಗ ಅದೇ ವಿಮಾ ಕಂಪೆನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿರೆಂದು ಕೇಳಲು ನಿಯಮಗಳಲ್ಲಿ ಅವಕಾಶವಿದೆ. ಹೀಗೆ ಬದಲಾದರೆ ಇಷ್ಟು ವರ್ಷ ಕಾದ ಅವಧಿಯು ಲೆಕ್ಕಕ್ಕೆ ಬರುವುದು. ಮಧುಮೇಹ, ಹೃದ್ರೋಗಗಳಿದ್ದವರಿಗೆ ಇದು ದೊಡ್ಡ ಮಾತು. ಏಕೆಂದರೆ ಹೊಸದಾಗಿ ಪಾಲಿಸಿ ಮಾಡಿಸಿದರೆ, ಮೊದಲೇ ಇದ್ದ ರೋಗಗಳಿಗೆ ಮೂರು ವರ್ಷದವರೆಗೆ ಹಣ ಕೊಡದಿರಲು ಕಂಪೆನಿಗೆ ಅಧಿಕಾರವುಂಟು. 2024ರ ಮೊದಲು ಇದು ನಾಲ್ಕು ವರ್ಷವಿದ್ದಿತು. ಅರವತ್ತೈದು ದಾಟಿದವರಿಗೆ ಹೊಸ ಪಾಲಿಸಿಯಿಲ್ಲ ಎಂಬ ಹಳೆಯ ಕಟ್ಟೂ ಅದೇ ವರ್ಷ ಸಡಿಲಾಗಿದೆ. ಆದರೆ ಕಂಪೆನಿಯವರು ಆರೋಗ್ಯವನ್ನು ಪರೀಕ್ಷಿಸಿ ಪ್ರೀಮಿಯಂ ಹೆಚ್ಚಿಸಬಹುದು, ಒಪ್ಪದೆಯೂ ಇರಬಹುದು. ಆದುದರಿಂದ ಮಗಳು ಆಫೀಸಿನಲ್ಲಿ ಮೂರು ಸಂಗತಿಗಳನ್ನು ಬರಹದಲ್ಲಿ ಕೇಳಿ ತಿಳಿಯಲಿ: ವಿಮೆ ಯಾವ ಕಂಪೆನಿಯದು, ತಂದೆತಾಯಿಗಳ ಹೆಸರು ಯಾವ ದಿನದಿಂದ ಅದರಲ್ಲಿದೆ, ಕೆಲಸ ಬಿಟ್ಟರೆ ಯಾವ ದಿನಕ್ಕೆ ಮುಗಿಯುವುದು. ಅನಂತರ ಆ ಕಂಪೆನಿಗೆ ಬರೆದು, ಒಪ್ಪಿಗೆಯ ಕಾಗದ ಕೈಗೆ ಬಂದ ಮೇಲೆ ಮುಂದಿನ ಹೆಜ್ಜೆಯಿಡಲಿ. ಈ ಕೆಲಸಕ್ಕೆ ಒಂದೆರಡು ತಿಂಗಳು ಹಿಡಿದರೂ ಹಿಡಿಯಲಿ. ಬಿಡುವ ದಿನವೊಂದು ಕಣ್ಣೆದುರಿಗಿದ್ದರೆ ಮನುಷ್ಯನು ಎಷ್ಟೋ ತಡೆದುಕೊಳ್ಳಬಲ್ಲನು.

ಇನ್ನೂ ದಣಿಯದೆ ಇರುವ ತರುಣರಿಗೆ ನಮ್ಮ ಸಲಹೆ ಇದಕ್ಕಿಂತ ಸುಲಭ. ಮೊದಲ ಸಂಬಳ ಬಂದ ವರ್ಷವೇ, ಆಫೀಸಿನ ವಿಮೆ ಎಷ್ಟೇ ದೊಡ್ಡದಿರಲಿ, ಸ್ವಂತ ಹೆಸರಿನಲ್ಲಿ ಒಂದು ಪಾಲಿಸಿ ಇರಲಿ. ಕಾಯುವ ವರ್ಷಗಳೆಲ್ಲ ಆರೋಗ್ಯವಾಗಿರುವಾಗಲೇ ಕಳೆದುಹೋಗುವುವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯವಿಮೆಯ ಮೇಲಿದ್ದ ಶೇಕಡಾ 18ರ ತೆರಿಗೆಯನ್ನು ತೆಗೆದುಹಾಕಿದ್ದಾರೆ. ರಸೀದಿಯಲ್ಲಿ ಅದು ಇನ್ನೂ ಕಾಣಿಸಿಕೊಂಡರೆ ಏಕೆಂದು ಕೇಳಬೇಕು.

ಅರ್ಜಿಯನ್ನು ತುಂಬುವಾಗ ಏಜಂಟರು ಕೆಲವರು, "ನಿದ್ರೆಗೆ ಮಾತ್ರೆ ತೆಗೆದುಕೊಂಡದ್ದೆಲ್ಲ ಬರೆಯುವುದು ಬೇಡ ಮಾರಾಯ್ರೇ" ಎಂದು ಹೇಳುವುದುಂಟು. ಅವರ ಮಾತನ್ನು ಕೇಳಕೂಡದು. ಮನೋವೈದ್ಯರನ್ನು ಕಂಡುದನ್ನು ನಾಚಿಕೆಯಿಂದ ಮುಚ್ಚಿಡುವವರು ಬಹಳ. ಆಸ್ಪತ್ರೆಯ ಕಡತದಲ್ಲಿ "ಎರಡು ವರ್ಷಗಳಿಂದ ಚಿಕಿತ್ಸೆಯಲ್ಲಿದ್ದಾರೆ" ಎಂಬ ಒಂದು ಸಾಲು ಸಾಕು. ಇಡಿಯ ಪಾಲಿಸಿಯೇ ರದ್ದಾಗಬಹುದು. ಸತತವಾಗಿ ಅರವತ್ತು ತಿಂಗಳು ನಡೆದ ಪಾಲಿಸಿಯನ್ನು, ಮೋಸ ರುಜುವಾದ ಹೊರತು, ಇಂತಹ ಕಾರಣಕ್ಕೆ ಕಂಪೆನಿ ಪ್ರಶ್ನಿಸುವಂತಿಲ್ಲವೆಂಬುದೇನೋ ನಿಜ. ಆ ಐದು ವರ್ಷ ಎದೆಗುದಿಯಲ್ಲಿ ಬದುಕುವುದಕ್ಕಿಂತ ನಿಜವನ್ನು ಬರೆದು ನಾಲ್ಕು ಕಾಸು ಹೆಚ್ಚು ಕೊಡುವುದು ಲೇಸು.

ಪಾಲಿಸಿಯ ಸಣ್ಣಕ್ಷರಗಳಲ್ಲಿ ಕೋಣೆಯ ಬಾಡಿಗೆಯ ಮಿತಿಯನ್ನು ಮಾತ್ರ ತಪ್ಪದೆ ಓದಬೇಕು. ಮೂರು ಲಕ್ಷದ ಪಾಲಿಸಿಯಲ್ಲಿ ಕೋಣೆಗೆ ದಿನಕ್ಕೆ ಶೇಕಡಾ ಒಂದರಂತೆ 3,000 ರೂಪಾಯಿ ಎಂದಿದ್ದು, ನಾವು 6,000ದ ಕೋಣೆಯಲ್ಲಿ ಮಲಗಿದರೆ ಹೆಚ್ಚಿನ 3,000ವನ್ನಷ್ಟೇ ಕೊಟ್ಟರಾಯಿತೆಂದು ತಿಳಿಯುವೆವು. ಹಾಗಲ್ಲ. ಡಾಕ್ಟರರ ಶುಲ್ಕ, ಶುಶ್ರೂಷೆ ಮೊದಲಾದ ಕೋಣೆಗೆ ಹೊಂದಿಕೊಂಡ ಖರ್ಚುಗಳೂ ಅದೇ ಪ್ರಮಾಣದಲ್ಲಿ ಅರ್ಧಕ್ಕಿಳಿಯಬಹುದು. ಇನ್ನೊಂದು ಮಾತು, ನಮ್ಮ ಕಡೆಯ ಬಹುತೇಕ ಮನೆಗಳ ಕಪಾಟಿನಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡಿನದು. ಅದು ಆಸ್ಪತ್ರೆಯ ಖರ್ಚಿನಲ್ಲಿ ರಿಯಾಯಿತಿ ಕೊಡುವ ಕಾರ್ಡು. ಬಹಳ ಉಪಕಾರಿಯಾದುದೇ ಸರಿ, ಆದರೆ ವಿಮೆಯಲ್ಲ. ಒಂದಿದೆಯೆಂದು ಇನ್ನೊಂದನ್ನು ಬಿಡುವುದು ಜಾಣತನವಲ್ಲ.

ಇಷ್ಟೆಲ್ಲ ಇದ್ದರೂ ವಿಮೆಯು ಆಸ್ಪತ್ರೆಯ ಲೆಕ್ಕವನ್ನು ತೀರಿಸೀತೇ ಹೊರತು ದಿನಸಿ ಅಂಗಡಿಯ ಲೆಕ್ಕವನ್ನು ತೀರಿಸದು. ದಣಿದವನು ಮೂರು ತಿಂಗಳು ಸಂಬಳವಿಲ್ಲದ ರಜೆಯಲ್ಲಿ ಮನೆಯಲ್ಲಿ ಕುಳಿತರೆ ಅನ್ನಕ್ಕೆ ದಾರಿಯೇನು? ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. 1948ರ ಕಾಯ್ದೆಯಿಂದ ಹುಟ್ಟಿದ ನೌಕರರ ರಾಜ್ಯ ವಿಮೆಯಲ್ಲಿ (ಜನರು ಇ.ಎಸ್.ಐ. ಎನ್ನುವುದು ಇದನ್ನೇ) ರೋಗದ ರಜೆಗೆ ಕೂಲಿಯ ಶೇಕಡಾ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಹಣ ಕೊಡುವ ಏರ್ಪಾಡಿದೆ. ಆದರೆ 2017ರಲ್ಲಿ ಗೊತ್ತುಮಾಡಿದಂತೆ ಇದು ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳದವರಿಗೆ. ಗೋಡಂಬಿ ಕಾರ್ಖಾನೆಯ ಹೆಂಗಸಿಗೆ ಇರುವ ಈ ಆಸರೆ, 40,000 ಪಡೆಯುವ ಆಫೀಸಿನ ಹುಡುಗಿಗೆ ಇಲ್ಲ. ಖಾಸಗಿ ಕಂಪೆನಿಗಳು ಇದರ ಬದಲಿಗೆಂದು ಮಾರುವ ಪಾಲಿಸಿಗಳು ಬೇರೆಯ ಕೆಲಸದವು. ಅಪಘಾತ ವಿಮೆಯು ಬಿದ್ದು ಕಾಲು ಮುರಿದವರಿಗೆ ವಾರದ ಲೆಕ್ಕದಲ್ಲಿ ಹಣ ಕೊಡಬಹುದು, ಮನಸ್ಸು ಮುರಿದವರಿಗಲ್ಲ. ಮಹಾರೋಗಗಳ ಪಾಲಿಸಿಯು ಪಟ್ಟಿಯಲ್ಲಿ ಹೆಸರಿರುವ ರೋಗ ಬಂದರೆ ಒಂದೇ ಗಂಟಿನಲ್ಲಿ ಕೊಡುವುದು; ಹೃದಯಾಘಾತ ಆ ಪಟ್ಟಿಯಲ್ಲಿರುವುದು, ದಣಿವು ಇರದು. ಕೆಲಸ ಹೋದರೆ ಹಣ ಎಂಬ ಪಾಲಿಸಿಗಳೂ ಉಂಟು. ಅವು ಕಂಪೆನಿ ತೆಗೆದುಹಾಕಿದವರಿಗೆ, ತಾನಾಗಿ ಬಿಟ್ಟವರಿಗಲ್ಲ.

ಆದುದರಿಂದ ಈ ಬಾಗಿಲನ್ನು ಗೃಹಸ್ಥನು ತನ್ನ ಕೈಯಿಂದಲೇ ಕಟ್ಟಿಕೊಳ್ಳಬೇಕು. ಅದು ನಮ್ಮ ಊರಿಗೆ ಹೊಸ ವಿದ್ಯೆಯಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಂತ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ, ಏಜಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಒಯ್ಯುತ್ತಿದ್ದರು. ಡಾ. ಟಿ. ಎಂ. ಎ. ಪೈಗಳೂ ಅವರ ಜತೆಗಾರರೂ ಕಂಡುಕೊಂಡ ಸೂಕ್ಷ್ಮ ಇದು: ತಿಂಗಳ ಕೊನೆಯಲ್ಲಿ ಉಳಿದುದನ್ನು ಕೂಡಿಡುತ್ತೇನೆ ಎನ್ನುವವನಿಗೆ ಏನೂ ಉಳಿಯುವುದಿಲ್ಲ, ದಿನವೂ ಕೈಯಿಂದ ಹೋದರೆ ಉಳಿಯುವುದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು, ಲೆಕ್ಕ ಮಾತ್ರ ಹಳತಾಗಿಲ್ಲ. ತಿಂಗಳ ಖರ್ಚು 30,000 ಇರುವ ಮನೆಗೆ ಆರು ತಿಂಗಳ ಗಂಟೆಂದರೆ 1,80,000. ದಿನಕ್ಕೆ 200ರಂತೆ ತೆಗೆದಿಟ್ಟರೆ ಎರಡೂವರೆ ವರ್ಷದಲ್ಲಿ ಅದು ಕೂಡುವುದು. ಈ ಗಂಟನ್ನು ಮದುವೆಗೂ ಮನೆಯ ಹಂಚಿಗೂ ಮುಟ್ಟಕೂಡದು. ಯಾವ ಡಾಕ್ಟರರ ಚೀಟಿಯನ್ನೂ ಕೇಳದೆ, ಯಾವ ಅರ್ಜಿಯನ್ನೂ ತುಂಬಿಸದೆ ಹಣ ಕೊಡುವ ವಿಮೆ ಇದೊಂದೇ.

ಕೊನೆಗೆ, ಕಂಪೆನಿಯು ಅನ್ಯಾಯವಾಗಿ ಹಣವನ್ನು ನಿರಾಕರಿಸಿದರೆ ಮಾಡತಕ್ಕ ಕ್ರಮ. ಮೊದಲು ಆ ಕಂಪೆನಿಯ ದೂರು ವಿಭಾಗಕ್ಕೆ ಬರೆಯುವುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ನರ ಕಛೇರಿಗೆ ಒಂದು ವರ್ಷದೊಳಗಾಗಿ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಹೊಸ ಪಾಲಿಸಿಯ ಕಾಗದವು ಕೈಸೇರಿದ ಮೂವತ್ತು ದಿನಗಳೊಳಗೆ ಬೇಡವೆಂದು ಹಿಂದಿರುಗಿಸುವ ಹಕ್ಕೂ ಉಂಟು. ಆ ದಿನಗಳನ್ನು ಓದಲಿಕ್ಕೆ ಉಪಯೋಗಿಸಬೇಕು. ಓದಿದ ಮೇಲೆ ಪಾಲಿಸಿಯ ಸಂಖ್ಯೆ, ಕಂತಿನ ದಿನಾಂಕ, ಕಂಪೆನಿಯ ಫೋನು ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರೆಲ್ಲರಿಗೂ ಕಾಣುವಂತೆ ಕಪಾಟಿನ ಒಳಬಾಗಿಲಿಗೆ ಅಂಟಿಸಿಡಬೇಕು. ಈಗಿನ ಮನೆಗಳಲ್ಲಿ ಇವೆಲ್ಲ ದುಡಿಯುವ ಮಗನ ಅಥವಾ ಮಗಳ ಫೋನಿನೊಳಗಿರುವುವು. ದಣಿದು ಮಲಗುವವರೂ ಅವರೇ.